ವೆಸ್ಟ್ ವರ್ಜಿನಿಯಾದ ಹನ್ನೊಂದು ಮಂದಿ

"ಏ ಹಾಟ್ಯಾಗೋಳ್ರಾ, ಅಲ್ಲೇ ನಿಂದರ್ರಿ! ಒಳಗ ಕಾಲಿಟ್ರ ನೋಡ್ರಿ ಮತ್ತ. ಏನ್ ಮಾರಿ, ಏನ್ ಮೂತಿ! ಗಣಿ ಕಾರ್ಮಿಕ್ರು ಅಂದ್ರ ಹಿಂಗ ಇರ್ತಾರೇನು?"

ಕ್ಯಾಂಟೀನಿನ ಬಾಗಿಲಿಗೆ ಅಡ್ಡ ನಿಂತು ಹಾಗೆ ಕೂಗಿದವನು ಕಾರಖಾನೆಯ ಕಾರ್ಮಿಕ ಕಲ್ಯಾಣಾಧಿಕಾರಿ ಅನೀಲಕುಮಾರ. ಮೆಟ್ಟಿಲ ಕೆಳಗೆ ಹನ್ನೊಂದು ಮಂದಿ ನಿಂತಿದ್ದರು. ಬೆಳಗಿನ ಆರಕ್ಕೆ ಬಂದು, ಓಡುವ ಬೆಲ್ಟಿನ ಬದಿಗೆ ಕೂತು ಕಲ್ಲಿದ್ದಲಿನೊಳಗಿನ ಕಲ್ಲು ಆರಿಸಿ, ಗೂಡ್ಸ್ ಗಾಡಿ ಇಳಿಸುವಾಗ ಹಳಿಯ ಮೇಲೆ ಚೆಲ್ಲಿದ್ದನ್ನು ಬಾಚಿ ಬುಟ್ಟಿಗೆ ತುಂಬಿ, ನಾಟಕದ ತಾಲೀಮಿಗೆ ಕರೆ ಬಂದಿತೆಂದು ಸೀದಾ ಅಲ್ಲಿಗೆ ಬಂದಿದ್ದರು. ಕಣ್ಣು ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕಪ್ಪು.

"ಮತ್ತ ಹೆಂಗಿರ್ತಾರ್ರಿ ಸಾಹೇಬ್ರ?" ಎಂದಳು ಚನ್ನವ್ವ.

"ಕರ್ರಗ ಇರ್ತಾರ, ಆದ್ರ ಸ್ವಚ್ಛ ಕರ್ರಗ ಇರ್ತಾರ. ಹೋಗ್ರಿ, ಸಾಬಾಣ ಹಚ್ಚಿ ತೊಳಕೊಂಡು ಬರ್ರಿ. ಆಮ್ಯಾಲ ಬಣ್ಣ ಹಚ್ಚೋಣು."

"ಯಾವ ಬಣ್ಣರಿ?"

"ಕರಿ ಬಣ್ಣ."

ಹನ್ನೊಂದು ಮಂದಿ ಹಿಂದಿನ ನಳದ ಮುಂದೆ ಸರದಿ ಹಚ್ಚಿದರು. ಆರು ವರ್ಷದ ದುಡಿಮೆಯಲ್ಲಿ ಕಂಪನಿ ಅವರಿಗೆ ಸಾಬಾಣ ಕೊಟ್ಟದ್ದು ಅದೇ ಮೊದಲು. ಮಾರಿ ತೊಳೆದು, ಒಬ್ಬರನ್ನೊಬ್ಬರು ಗುರುತು ಹಿಡಿದು ನಕ್ಕು, ಮತ್ತೆ ಮೆಟ್ಟಿಲಿಗೆ ಬಂದರೆ ಅಲ್ಲಿ ಸಿಂದಗಿಯ ನಾಟಕ ಕಂಪನಿಯಿಂದ ತರಿಸಿದ ಕರಿ ಬಣ್ಣದ ಡಬ್ಬಿ ತೆರೆದು ಕೂತಿತ್ತು. ಗಲ್ಲಕ್ಕೆ ಎರಡು ಗೀರು, ಹಣೆಗೆ ಒಂದು, ಮೂಗಿನ ತುದಿಗೆ ಒಂದು ಚುಕ್ಕಿ. ಅನೀಲಕುಮಾರ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಹಾಂ, ಈಗ ಖರೇ ಕಾರ್ಮಿಕ್ರು ಕಂಡಂಗ ಕಾಣಾಕತ್ತೀರಿ," ಎಂದ.

ಚನ್ನವ್ವನಿಗೆ ನಲವತ್ತು ದಾಟಿತ್ತು. ಮಸೂತಿ ಎಂಬ ಊರಿನ ಕಡೆಯ ಒಂದು ಹಳ್ಳಿಯ ಕೇರಿಯವಳು. ಈ ಖಾಸಗಿ ಕರೆಂಟಿನ ಕಾರಖಾನೆಗೆಂದು ಗೌಡರ ಹೊಲ ಹೋದಾಗ ಗೌಡರಿಗೆ ಪರಿಹಾರ ಸಿಕ್ಕಿತು. ಆ ಹೊಲದಲ್ಲಿ ಕಸ ತೆಗೆಯುತ್ತಿದ್ದ ಚನ್ನವ್ವನಿಗೆ ಗುತ್ತಿಗೆ ಕೂಲಿ ಸಿಕ್ಕಿತು. ಅವಳ ತಮ್ಮ ಖಂಡೆಪ್ಪ ಕ್ರಷರಿನ ಕೆಳಗೆ, ಕಲ್ಲಿದ್ದಲು ಪುಡಿಯಾಗಿ ಬೀಳುವಲ್ಲಿ ಕೆಲಸಕ್ಕಿದ್ದ. ಮೂವತ್ತೈದರ ಆಳು ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದ. ಕಾರಖಾನೆಯ ದವಾಖಾನೆಯ ಚೀಟಿಯಲ್ಲಿ ಪ್ರತಿ ಸಲ ಒಂದೇ ಬರಹ: ಬೀಡಿ ಬಿಡುವುದು. ಖಂಡೆಪ್ಪ ಬೀಡಿ ಮುಟ್ಟಿದವನೇ ಅಲ್ಲ. ಒಮ್ಮೆ ಹಾಗೆಂದದ್ದಕ್ಕೆ ಡಾಕ್ಟರು, "ಹಂಗಾರ ಮೊದ್ಲ ಸೇದಾಕ ಸುರು ಮಾಡು, ಆಮ್ಯಾಲ ಬಿಡು," ಎಂದು ನಕ್ಕಿದ್ದರಂತೆ.

ವಿಜಯಪುರದ ದೊಡ್ಡ ದವಾಖಾನೆಯವರು, ಕಾರಖಾನೆಯಲ್ಲಿ ತೆಗೆದ ಹಳೇ ಎದೆ ಫೋಟೋ, ಅಂದರೆ ಎಕ್ಸ್-ರೇ, ತನ್ನಿ, ಕೆಮ್ಮು ಎಲ್ಲಿಂದ ಸುರುವಾಯಿತೆಂದು ಅದನ್ನು ನೋಡಿದರೇ ತಿಳಿಯುವುದು ಎಂದಿದ್ದರು. ಫೋಟೋ ತೆಗೆದದ್ದು ನಿಜ. ಹಿಂದಿನ ವರ್ಷ ಎಲ್ಲರನ್ನೂ ಸಾಲು ನಿಲ್ಲಿಸಿ, ಒಂದು ಮಶೀನಿಗೆ ಎದೆ ಹಚ್ಚಿಸಿ, ಉಸಿರು ಹಿಡಿ ಅಂದು, ಬಿಡು ಅಂದು ಕಳಿಸಿದ್ದರು. ಆದರೆ ಆ ಫೋಟೋ ಕೇಳಿದರೆ ಕೊಡುತ್ತಿರಲಿಲ್ಲ. ಎಂಟು ತಿಂಗಳಿಂದ ಚನ್ನವ್ವ ಕೇಳುತ್ತಲೇ ಇದ್ದಳು.

ಈಗ ಈ ನಾಟಕ ಬಂದಿತ್ತು. ಅಮೇರಿಕಾದ ಒಂದು ಕಂಪನಿ ಈ ಕಾರಖಾನೆಯಲ್ಲಿ ಪಾಲು ಕೊಳ್ಳುವುದಿತ್ತು. ನೋಡಲು ಬರುವ ಮುದುಕ ಸಾಹೇಬ ವೆಸ್ಟ್ ವರ್ಜಿನಿಯಾ ಎಂಬ ರಾಜ್ಯದವನು. ಅಲ್ಲಿಯ ಮಂದಿ ತಲೆಮಾರುಗಳಿಂದ ಕಲ್ಲಿದ್ದಲು ಅಗೆದವರು. ಅವನು ಬರುವ ಜೂನ್ ಇಪ್ಪತ್ತು ಆ ರಾಜ್ಯ ಹುಟ್ಟಿದ ದಿನ ಎಂಬುದನ್ನು ಯಾರೋ ಮೊಬೈಲಿನಲ್ಲಿ ನೋಡಿ ಹೇಳಿದ್ದೇ ತಡ, ಮೇಲಿನಿಂದ ಅನೀಲಕುಮಾರನಿಗೆ ಆಜ್ಞೆ ಬಂದಿತು. ಪಾವ್ಣ್ಯಾನ, ಅಂದರೆ ಬರುವ ಅತಿಥಿಯ, ನಾಡಿನ ಚರಿತ್ರೆ ನಾಟಕವಾಗಬೇಕು, ನಮ್ಮ ಕಾರ್ಮಿಕರೇ ಆಡಬೇಕು, ಎಲ್ಲರೂ ನಗುತ್ತಿರಬೇಕು.

ನಾಟಕ ಬರೆಯಲು ಬಂದವಳು ವಿಜಯಲಕ್ಷ್ಮಿ. ಮುದ್ದೇಬಿಹಾಳದವಳು, ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಚರಿತ್ರೆ ಹೇಳುವ ಅತಿಥಿ ಉಪನ್ಯಾಸಕಿ. ಸೂಟಿಯಲ್ಲಿ ಅತಿಥಿಗಳಿಗೆ ಸಂಬಳವಿರುವುದಿಲ್ಲ, ಅದಕ್ಕೆ ಒಪ್ಪಿಕೊಂಡಿದ್ದಳು. ಮೊದಲ ದಿನ ಹನ್ನೊಂದು ಮಂದಿಯನ್ನು ಸುತ್ತ ಕೂಡಿಸಿಕೊಂಡು ಕತೆ ಹೇಳಿದಳು.

"ಮೊದ್ಲ ವರ್ಜಿನಿಯಾ ಅಂತ ಒಂದ ದೊಡ್ಡ ರಾಜ್ಯ ಇತ್ತು. ಬಯಲಿನ ಮಂದಿಗಿ ದೊಡ್ಡ ದೊಡ್ಡ ಹೊಲ, ಹೊಲದಾಗ ದುಡ್ಯಾಕ ಕೊಂಡು ತಂದ ಕರಿಯರು. ಗುಡ್ಡದ ಕಡೆ ಮಂದೀದು ಅಂಥಾ ಬದುಕಲ್ಲ. ಗುಲಾಮ್ರ ಸಲುವಾಗಿ ದೇಶದಾಗ ಯುದ್ಧ ಹತ್ತಿದಾಗ ಗುಡ್ಡದವ್ರು, ನಿಮ್ಮ ಜೋಡಿ ನಾವು ಬರಂಗಿಲ್ಲ ಅಂತ ಬ್ಯಾರೆ ಆದ್ರು."

"ಮನಿ ಬ್ಯಾರೆ ಆದಂಗ," ಎಂದ ಗೈಬುಸಾಬ. ಅವನು ಅವರಲ್ಲಿ ಹಿರಿಯ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ಹಳೇ ಕೊಲ್ಹಾರದವನು. ಯಾವ ಮಾತು ಬಂದರೂ ಅದನ್ನು ಅಲ್ಲಿಗೆ ಒಯ್ದು ಮುಟ್ಟಿಸುತ್ತಿದ್ದ.

"ಅಲ್ಲೂ ಕೇರಿ ಇತ್ತೇನ್ರಿ ಅಕ್ಕೋರ?" ಚನ್ನವ್ವ ಕೇಳಿದಳು.

"ಇತ್ತಬೇ. ಹೆಸರಷ್ಟ ಬ್ಯಾರೆ."

"ಅಮೇರಿಕಾದಾಗ?"

"ಅಮೇರಿಕಾದಾಗ."

ಅಮೇರಿಕಾ ಎಂದರೆ ಚನ್ನವ್ವನ ಮನಸ್ಸಿನಲ್ಲಿ ಬರೀ ಕಾರು, ಗಾಜಿನ ಕಟ್ಟಡ, ಬೆಳ್ಳನೆಯ ಮಂದಿ ಇದ್ದರು. ಅಲ್ಲೊಂದು ಕೇರಿ ಎದ್ದು ನಿಂತದ್ದು ಅವಳಿಗೆ ಯಾಕೋ ಪರಿಚಯದವರು ಸಿಕ್ಕಂತಾಯಿತು.

"ಗುಡ್ಡದ ಹೊಟ್ಯಾಗ ಕಲ್ಲಿದ್ದಲ ಐತಿ ಅಂತ ಕಂಪನಿಗೋಳು ಬಂದ್ವು," ವಿಜಯಲಕ್ಷ್ಮಿ ಮುಂದುವರಿಸಿದಳು. "ಮನಿ ಕಂಪನೀದು, ಅಂಗಡಿ ಕಂಪನೀದು, ಸಾಲಿ ಕಂಪನೀದು, ಪೊಲೀಸ್ರೂ ಕಂಪನಿಯವ್ರ. ಪಗಾರಾನೂ ಕಂಪನಿ ತಾನ ಮಾಡಿದ ಬಿಲ್ಲೆದಾಗ. ಅದು ಕಂಪನಿ ಅಂಗಡ್ಯಾಗಷ್ಟ ನಡೀತಿತ್ತು. ಸಂಘ ಕಟ್ಟತೇವಿ ಅಂದವ್ರನ್ನ ಹೆಂಡ್ರು ಮಕ್ಕಳ ಸೈತ ಮನಿ ಬಿಟ್ಟ ಹೊರಗ ಹಾಕಿದ್ರು. ಹತ್ತೊಂಬತ್ನೂರಾ ಇಪ್ಪತ್ತೊಂದರಾಗ ಹತ್ತ ಸಾವಿರ ಮಂದಿ ಕೊರಳಿಗಿ ಕೆಂಪ ವಸ್ತ್ರ ಕಟಗೊಂಡು, ಬಂದೂಕ ಹಿಡದು ಗುಡ್ಡಾ ಹತ್ತಿದ್ರು. ಕರಿಯರು, ಬಿಳಿಯರು, ಹೊರದೇಶದವ್ರು, ಎಲ್ಲಾರೂ ಕೂಡೇ. ವಿಮಾನದಾಗಿಂದ ಅವ್ರ ಮ್ಯಾಲ ಬಾಂಬ್ ಹಾಕಿದ್ರು."

"ಗೆದ್ರೇನ್ರಿ?" ಗೈಬುಸಾಬನ ಬೆನ್ನು ನೆಟ್ಟಗಾಗಿತ್ತು.

"ಇಲ್ಲ ಕಾಕಾ. ಸೈನ್ಯ ಬಂತು, ಮನಿಗಿ ಹ್ವಾದ್ರು."

"ಅಯ್ಯ ಇವ್ನೌನ!"

ಖಂಡೆಪ್ಪನಿಗೆ ಅಷ್ಟರಲ್ಲಿ ಕೆಮ್ಮು ಹತ್ತಿತು. ಬಗ್ಗಿ, ಗೋಡೆ ಹಿಡಿದು, ಮುಗಿಸಿ, ಬಾಯಿ ಒರೆಸಿಕೊಂಡ. "ಅವ್ರಿಗಿ ಇದು ಇರಲಿಲ್ಲೇನ್ರಿ ಅಕ್ಕೋರ?" ಎಂದ.

"ಇತ್ತು. ಕರಿ ಫುಪ್ಪುಸ ಅಂತ ಹೆಸರಿಟ್ಟಿದ್ರು. ಡಾಕ್ಟ್ರು ಮಾತ್ರ ಏನೂ ಇಲ್ಲ ಅಂತಿದ್ರು. ಕಲ್ಲಿದ್ದಲ ಧೂಳು ಎದಿಗಿ ಚಲೋ, ಅದು ಕ್ಷಯ ಬರಗೊಡಂಗಿಲ್ಲ ಅಂತ ಹೇಳಿದವ್ರೂ ಇದ್ರು. ಅರವತ್ತೊಂಬತ್ತರಾಗ ನಲವತ್ತ ಸಾವಿರ ಮಂದಿ ಕೆಲಸಾ ಬಿಟ್ಟು ರಾಜಧಾನಿಗಿ ನಡದ್ರು. ಮೂರ ವಾರದಾಗ ಕಾಯ್ದೆ ಆತು. ಕೆಮ್ಮಿಗಿ ಪರಿಹಾರ ಬಂತು."

ಕೆಮ್ಮಿಗೆ ಹೆಸರಿದೆ ಎಂಬುದು ಚನ್ನವ್ವನ ಕಿವಿಯಲ್ಲಿ ಉಳಿಯಿತು. ಆ ಹೆಸರನ್ನು ಅವಳು ಅಂದು ಸಂಜೆ ಮನೆ ಮುಟ್ಟುವವರೆಗೂ ಬಾಯಲ್ಲಿ ತಿರುವಿದಳು.

ಮರುದಿನ ಅನೀಲಕುಮಾರ ನಾಟಕದ ಹಾಳೆಗಳನ್ನು ಓದಿದ. ಜೇಬಿನಿಂದ ಪೆನ್ನು ತೆಗೆದ.

"ಏನ್ರಿ ಮೇಡಂ, ಬಂದೂಕ ಹಾಕೀರಿ? ಬ್ಯಾಡ. ಬಾಂಬೂ ಬ್ಯಾಡ. ಸಂಘ ಅಂತ ಯಾಕ ಬೇಕು? ಸ್ನೇಹಸಂಘ ಅಂತ ಮಾಡ್ರಿ. ಕೆಮ್ಮು? ಪಾವ್ಣ್ಯಾ ಊಟಕ್ಕ ಕುಂಡ್ರೂ ಮುಂದ ಕೆಮ್ಮ ಯಾಕ?"

ಹಿಂದಿನ ಪರದೆಗೆ ಆ ರಾಜ್ಯದ ಘೋಷವಾಕ್ಯ ಬರೆಸಿದ್ದರು: ಗುಡ್ಡದ ಮಂದಿ ಸದಾ ಸ್ವತಂತ್ರರು. ಅನೀಲಕುಮಾರ ಅದನ್ನು ನೋಡಿ ಬಹಳ ಹೊತ್ತು ಯೋಚಿಸಿದ. ಸಂಜೆಗೆ ಪೇಂಟರ್ ಬಂದು ತಿದ್ದಿದ: ಗುಡ್ಡದ ಮಂದಿ ಸದಾ ಸಂತುಷ್ಟರು.

"ನಮ್ಮಲ್ಲಿ ಗುಡ್ಡಾ ಎಲ್ಲೈತ್ರಿ?" ಎಂದ ಗೈಬುಸಾಬ. "ಬೂದಿ ಗುಡ್ಡ ಒಂದ ಐತಿ ಅಷ್ಟ."

ಕೊನೆಗೆ ಉಳಿದದ್ದು ಇಷ್ಟು. ತಾಯಿ ವರ್ಜಿನಿಯಾ ಆಗಿ ಚನ್ನವ್ವ ಅಳಬೇಕು. ಮಗ ಖಂಡೆಪ್ಪ, ಅವ್ವಾ, ನಾನು ಬೇರೆ ಆಗುತ್ತೇನೆ ಎನ್ನಬೇಕು. ಗೈಬುಸಾಬ ಥರ್ಮೋಕೋಲಿನ ನಕಾಶೆಯನ್ನು ಎರಡು ಮಾಡಬೇಕು. ಆಮೇಲೆ ಎಲ್ಲರೂ ದೀಪದ ಟೊಪ್ಪಿಗೆ ಹಾಕಿಕೊಂಡು ಸಲಿಕೆ ಹಿಡಿದು, ಕಲ್ಲಿದ್ದಲೇ ನಮ್ಮ ಬಾಳಿನ ಬೆಳಕು ಎಂದು ಮೂರು ಸಲ ಹೇಳಿ ನಗಬೇಕು.

ನಾಟಕಕ್ಕೆಂದು ಹೊಸ ಟೊಪ್ಪಿಗೆ, ಹೊಸ ಬೂಟು, ಮೂಗಿಗೆ ಹಾಕುವ ಎರಡು ಡಬ್ಬಿಯ ದಪ್ಪ ಮಾಸ್ಕು ಬಂದವು. ಮಾಸ್ಕು ಹಾಕಿದ ಕೂಡಲೆ ಖಂಡೆಪ್ಪ ಕಣ್ಣು ಅಗಲಿಸಿದ. ಕಲ್ಲಿದ್ದಲಿನ ವಾಸನೆಯೇ ಇಲ್ಲ! ಆರು ವರ್ಷದಲ್ಲಿ ಅವನು ಗಾಳಿಯನ್ನು ಬರೀ ಗಾಳಿಯಾಗಿ ಎಳೆದುಕೊಂಡದ್ದು ಆ ಕ್ಯಾಂಟೀನಿನೊಳಗೆ, ಫ್ಯಾನಿನ ಕೆಳಗೆ.

"ತಗೀರಿ, ತಗೀರಿ," ಅನೀಲಕುಮಾರ ಚಪ್ಪಾಳೆ ತಟ್ಟಿದ. "ಮಾಸ್ಕ್ ಹಾಕ್ಕೊಂಡ್ರ ನಗೂದು ಎಲ್ಲಿ ಕಾಣತೈತಿ? ಕೈಯಾಗ ಹಿಡಕೋರಿ ಸಾಕು."

ತಾಲೀಮು ಮುಗಿದ ಮೇಲೆ ಎಲ್ಲವನ್ನೂ ಎಣಿಸಿ ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಿದ್ದರು. ಖಂಡೆಪ್ಪ ಕ್ರಷರಿನ ಕೆಳಗೆ ಹೋಗುವಾಗ ಮೂಗಿಗೆ ಮತ್ತೆ ಅಕ್ಕನ ಹಳೇ ಸೀರೆಯ ತುಂಡು ಸುತ್ತಿಕೊಳ್ಳುತ್ತಿದ್ದ. ಒಂದು ದಿನ ಮಾಸ್ಕನ್ನು ಅಂಗಿಯೊಳಗೆ ಇಟ್ಟುಕೊಂಡು ಹೊರಟವನನ್ನು ಗುತ್ತಿಗೆದಾರ ಶ್ರೀಶೈಲ ಬಾಗಿಲಲ್ಲೇ ಹಿಡಿದ.

"ಏ ಸೂಳಿಮಗನ, ಕಳವು ಮಾಡ್ತೀಯೇನು?"

"ಕೆಲಸಕ್ಕ ಹಾಕ್ಕೊಂಡು ಸಂಜೀಕ ಕೊಡ್ತೇನ್ರಿ ಸಾವ್ಕಾರ್ರ. ಉಸಿರು ಹಿಡ್ಯಾಕತ್ತೈತಿ."

"ಕೆಲಸಕ್ಕ ಹಾಕ್ಕೊಂಡ್ರ ಅದು ಹೊಲಸ ಆಗತೈತಲ್ಲೋ ಮಂಗ್ಯಾ! ನಾಟಕದ ಮಾಲು ಐತಿ ಅದು."

ಎಲ್ಲರೆದುರಿಗೆ ಖಂಡೆಪ್ಪನ ಅಂಗಿ ಬಿಚ್ಚಿಸಿದ. ಮಾಸ್ಕು ಬಿತ್ತು. ಶ್ರೀಶೈಲ ಅದನ್ನು ಎತ್ತಿ, ಊದಿ, ಕರವಸ್ತ್ರದಿಂದ ಒರೆಸಿ ಪೆಟ್ಟಿಗೆಗೆ ಹಾಕಿದ. ಬರಿ ಮೈಯಲ್ಲಿ ನಿಂತ ತಮ್ಮನ ಪಕ್ಕೆಲುಬುಗಳನ್ನು ಚನ್ನವ್ವ ನೋಡಿದಳು. ಮೇಲಕ್ಕೆ ಕೆಳಕ್ಕೆ ಆಡುತ್ತಿದ್ದ ಅವುಗಳನ್ನು ಎಣಿಸಬಹುದಾಗಿತ್ತು.

ಅಂದೇ ಶ್ರೀಶೈಲ ಹನ್ನೊಂದೂ ಮಂದಿಯಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಪಾವ್ಣ್ಯಾ ಹಾಜರಿ ಪುಸ್ತಕ ನೋಡಿದರೆ ಪೀಎಫ್ಪು, ವಿಮೆ ಅಂತ ನೂರೆಂಟು ಕೇಳಿಯಾನು. ಅದಕ್ಕೆ ಅವರ ಹೆಸರನ್ನು ಕೂಲಿಗಳ ಪಟ್ಟಿಯಿಂದಲೇ ತೆಗೆದು, ಶ್ರೀಶೈಲ ಜಾನಪದ ಕಲಾತಂಡ ಎಂದು ಒಂದು ತಂಡ ಮಾಡಿ ಅದರ ಕಲಾವಿದರೆಂದು ಬರೆಸಿದ್ದ. ಕೊರಳಿಗೆ ಕಲಾವಿದ ಎಂಬ ಪಾಸು ಬಂದಿತು.

ಕೊನೆಯ ತಾಲೀಮಿನ ದಿನ ಚನ್ನವ್ವ ಬಣ್ಣಕ್ಕೆ ಮುಖ ಒಡ್ಡಲಿಲ್ಲ.

"ಸಾಹೇಬ್ರ, ಎದಿ ಫೋಟೋ ಕೊಟ್ರ ಬಣ್ಣಾ ಹಚಗೋತೇವಿ."

"ಎದಿ ಫೋಟೋ ತಗೊಂಡು ಏನ್ ಮಾಡ್ತೀಯಬೇ? ಯಾರಿಗರ ಕನ್ಯಾ ತೋರ್ಸಾಕ ಕಳಸ್ತೀಯೇನು?"

ಹಿಂದೆ ನಿಂತಿದ್ದ ಶ್ರೀಶೈಲ ಹೊಟ್ಟೆ ಹಿಡಿದು ನಕ್ಕ. ಕ್ಯಾಂಟೀನಿನ ಅಡುಗೆಯವರೂ ನಕ್ಕರು. ಚನ್ನವ್ವನ ಕಿವಿ ಕಾದವು. ಆದರೆ ಅವಳು ಕುರ್ಚಿಯಿಂದ ಏಳಲಿಲ್ಲ. ಅವಳ ಪಕ್ಕಕ್ಕೆ ಗೈಬುಸಾಬ ಬಂದು ಕೂತ. ಆಮೇಲೆ ಖಂಡೆಪ್ಪ. ಆಮೇಲೆ ಉಳಿದವರು. ಪಾವ್ಣ್ಯಾ ಆಗಲೇ ವಿಜಯಪುರದ ಹೋಟೆಲಿಗೆ ಬಂದು ಇಳಿದಿದ್ದ. ಅನೀಲಕುಮಾರ ಗಡಿಯಾರ ನೋಡಿದ, ಹನ್ನೊಂದು ಮುಖ ನೋಡಿದ.

"ನಾಳಿ ಮುಂಜಾನೆ ಕೊಡ್ತೇನಿ. ಆತಿಲ್ಲೋ? ನಗ್ರಿ ಇನ್ನ."

ಮಾತಿಗೆ ತಪ್ಪಲಿಲ್ಲ. ಬೆಳಿಗ್ಗೆ ಹನ್ನೊಂದು ದೊಡ್ಡ ಖಾಕಿ ಲಕೋಟೆ ಬಂದವು. ಒಂದೊಂದರ ಮೇಲೆ ಒಂದೊಂದು ಹೆಸರು, ಅಂಟು ಹಚ್ಚಿ ಮುಚ್ಚಿದ್ದು. ಚನ್ನವ್ವ ಖಂಡೆಪ್ಪನ ಲಕೋಟೆಯನ್ನು ಹಣೆಗೆ ಮುಟ್ಟಿಸಿಕೊಂಡಳು. ಬಣ್ಣ ಹಚ್ಚುವ ಕೋಣೆಗೆ ಒಯ್ದು, ಹರಿದು, ಒಳಗಿನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರಲ್ಲಿ ಏನಿದೆಯೆಂದು ಅವಳಿಗೆ ತಿಳಿಯಲಿಲ್ಲ. ಆದರೂ ಅದು ತಮ್ಮನ ಎದೆ ಅನ್ನುವುದಕ್ಕೇ ಕಣ್ಣು ತುಂಬಿತು.

"ನನ್ನ ಎಲುವು ಒಂದ ಮುರದಂಗ ಐತಲ್ಲ," ಪಕ್ಕದ ಕಿಟಕಿಯಲ್ಲಿ ತನ್ನದನ್ನು ನೋಡುತ್ತಿದ್ದ ಗೈಬುಸಾಬ ಎಂದ.

ಚನ್ನವ್ವ ಕೈಯಲ್ಲಿದ್ದದ್ದನ್ನು ಮತ್ತೆ ನೋಡಿದಳು. ಅದರಲ್ಲೂ ಎಡಗಡೆ ಮೂರನೇ ಎಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ತನ್ನ ಲಕೋಟೆ ಹರಿದಳು. ಅವಳದೂ ಮುರಿದಿತ್ತು. ಒಬ್ಬೊಬ್ಬರಾಗಿ ಉಳಿದವರೂ ಲಕೋಟೆ ಹರಿದರು. ಹನ್ನೊಂದು ಮಂದಿಗೂ ಎಡಗಡೆ ಮೂರನೇ ಪಕ್ಕೆಲುಬು ಮುರಿದಿತ್ತು. ಒಬ್ಬ ಅಂಗಿಯೊಳಗೆ ಕೈ ಹಾಕಿ ಒತ್ತಿ ನೋಡಿಕೊಂಡು, "ನನಗ ನೋವ ಗೊತ್ತಾಗಿಲ್ಲ ನೋಡ್ರಿ," ಎಂದ.

ಬಣ್ಣ ಹಚ್ಚಲು ನೆರವಿಗೆ ಬಂದಿದ್ದ ನಜಮಾ ಕಾರಖಾನೆಯ ದವಾಖಾನೆಯಲ್ಲಿ ಕಸ ಗುಡಿಸುವವಳು. ಅವಳು ಬಂದು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡಳು.

"ಇದು ಭೀಮಶ್ಯಾಂದು ಐತಲ್ಲ! ಸಾಹೇಬ್ರ ಗಾಡಿ ಹೊಡೀತಾನಲ್ಲ, ಅವಂದು. ಹ್ವಾದ ವರ್ಷ ಮೋಟರ್ ಸೈಕಲ್ ಮ್ಯಾಲಿಂದ ಬಿದ್ದಾಗ ಹೊರಗ ತಗಿಸ್ಕೊಂಡು ಬಂದಿದ್ರು. ಅದನ್ನ ಹನ್ನೊಂದ ಕಾಪಿ ಮಾಡ್ಸ್ಯಾರ. ನಮ್ಮ ಮಶೀನ ಎಲ್ಲಿ ನಡೀತೈತಿ ಅಕ್ಕಾ? ಅದಕ್ಕ ವೈರ ಇಲ್ಲ."

"ವೈರ ಇಲ್ಲ ಅಂದ್ರ?"

"ಕರೆಂಟ ಕೊಟ್ಟಿಲ್ಲ. ನಿಮಗ ಉಸಿರು ಹಿಡಿ, ಬಿಡು ಅಂದದ್ದಷ್ಟ."

ಹೊರಗೆ ಆಕಾಶಕ್ಕೆ ನಿಂತ ಚಿಮಣಿ ಹೊಗೆ ಬಿಡುತ್ತಿತ್ತು. ಮೊದಲು ನಕ್ಕವನು ಗೈಬುಸಾಬ. ಆಮೇಲೆ ಎಲ್ಲರೂ. ಅನೀಲಕುಮಾರ ಹದಿನೈದು ದಿನ ಬೈದು ಕಲಿಸಿದರೂ ಬಾರದಿದ್ದ ನಗು ಅದು. ನೆಲಕ್ಕೆ ಕೂತು ನಕ್ಕರು. ಖಂಡೆಪ್ಪ ನಗುತ್ತ ಕೆಮ್ಮುತ್ತ ಗೋಡೆಗೆ ಒರಗಿದ. ಚನ್ನವ್ವ ಮಾತ್ರ ನಗಲಿಲ್ಲ. ಎಂಟು ತಿಂಗಳು ಬಾಗಿಲು ಬಾಗಿಲು ಅಲೆದು ಬೇಡಿ, ಹಣೆಗೆ ಮುಟ್ಟಿಸಿಕೊಂಡದ್ದು ಡ್ರೈವರನ ಎಲುಬು.

"ಎಲ್ಲಾರೂ ತಂತಮ್ಮ ಫೋಟೋ ತಗೋರಿ," ಎಂದಳು.

"ಬ್ಯಾಡಬೇ ಅಕ್ಕಾ," ಖಂಡೆಪ್ಪ ಅವಳ ಕೈ ಹಿಡಿದ. "ಕೆಲಸಾ ಹೋಗತೈತಿ."

"ಎಲ್ಲಿ ಕೆಲಸ ಐತೋ? ನಿನ್ನ ಕೊರಳಾಗ ನೋಡ್ಕೋ. ಕಲಾವಿದ ಅದಿ ನೀನು."

ವಿಜಯಲಕ್ಷ್ಮಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿದ್ದ ತಿದ್ದಿದ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು. "ಮೈಕ್ ನನ್ನ ಕೈಯಾಗ ಇರತೈತಿ," ಎಂದಳು ಅಷ್ಟೇ.

ಹನ್ನೊಂದು ಗಂಟೆಗೆ ಶಾಮಿಯಾನಾ ತುಂಬಿತು. ಮುಂದಿನ ಸೋಫಾದಲ್ಲಿ ಪಾವ್ಣ್ಯಾ, ತಲೆಗೆ ರೇಷ್ಮೆ ಪಟಗ, ಕೊರಳಲ್ಲಿ ಹಾರ. ಅವನ ಪಕ್ಕಕ್ಕೆ ಬಾಗಿ ಅನೀಲಕುಮಾರ ಇಂಗ್ಲೀಷಿನಲ್ಲಿ ಅರ್ಥ ಹೇಳುತ್ತಿದ್ದ. ತಾಯಿ ವರ್ಜಿನಿಯಾ ಅತ್ತಳು, ಮಗ ಬೇರೆ ಆದ. ನಕಾಶೆ ಮುರಿಯಲಿಲ್ಲ, ಥರ್ಮೋಕೋಲಿನ ಹಿಂದೆ ಯಾರೋ ಗಟ್ಟಿಯಿರಲೆಂದು ಪ್ಲೈವುಡ್ಡು ಹೊಡೆದಿದ್ದರು. ಗೈಬುಸಾಬ ಮೊಣಕಾಲಿಗೆ ಇಟ್ಟು, ತುಳಿದು, ಕೊನೆಗೆ ಸಲಿಕೆಯಿಂದ ನಾಲ್ಕು ಪೆಟ್ಟು ಕೊಟ್ಟಾಗ ವೆಸ್ಟ್ ವರ್ಜಿನಿಯಾ ಟಣ್ಣನೆ ಹಾರಿ ಶ್ರೀಶೈಲನ ಕಾಲಿಗೆ ಬಿತ್ತು. ಪಾವ್ಣ್ಯಾ ಎದ್ದು ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತ. ಎಲ್ಲರೂ ಎದ್ದು ನಿಂತರು.

ಈಗ ಸಲಿಕೆ ಹಿಡಿದು ನಗಬೇಕಾಗಿತ್ತು. ಹನ್ನೊಂದು ಮಂದಿ ಸಲಿಕೆ ಕೆಳಗಿಟ್ಟರು. ಸಾಲಾಗಿ ವೇದಿಕೆಯ ದೊಡ್ಡ ದೀಪಗಳ ಮುಂದೆ ಬಂದು, ಫೋಟೋಗಳನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಹನ್ನೊಂದು ಎದೆ ಹೊಳೆದವು. ಹನ್ನೊಂದರಲ್ಲೂ ಅದೇ ಸೊಟ್ಟ ಎಲುಬು.

"ಹತ್ತೊಂಬತ್ನೂರಾ ಇಪ್ಪತ್ತೊಂದು," ವಿಜಯಲಕ್ಷ್ಮಿಯ ದನಿ ಮೈಕಿನಲ್ಲಿ ಬಂದಿತು. ಬಂದೂಕು, ಕೆಂಪು ವಸ್ತ್ರ, ವಿಮಾನ, ಬಾಂಬು, ಪೆನ್ನಿನಿಂದ ಹೊಡೆದದ್ದೆಲ್ಲ ಒಂದೊಂದಾಗಿ ಎದ್ದು ಬಂದವು. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲೀಷಿನಲ್ಲಿ.

ಅನೀಲಕುಮಾರನ ಹಣೆ ಬೆವರಿತು. ಫೋಟೋಗಳೇನು ಎಂದು ಪಾವ್ಣ್ಯಾ ಕೇಳಿದ್ದಕ್ಕೆ, ಇದು ನಮ್ಮ ಕಡೆಯ ಹಳೇ ಜಾನಪದ ಕಲೆ ಎಂದ. ಪಾವ್ಣ್ಯಾ ಕನ್ನಡಕ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದ. ಒಂದು ಫೋಟೋ ನೋಡಿದ. ಎರಡನೆಯದು ನೋಡಿದ. ಅದನ್ನು ಹಿಡಿದಿದ್ದ ಖಂಡೆಪ್ಪನಿಗೆ ಕೆಮ್ಮು ಹತ್ತಿತು. ಬೆರಳಿಟ್ಟು ಎಲುಬು ಎಣಿಸುತ್ತ ಹನ್ನೊಂದೂ ನೋಡಿ ಮುಗಿಸುವ ಹೊತ್ತಿಗೆ ಅವನ ಮುಖ ಬೇರೆಯಾಗಿತ್ತು. ವಿಜಯಲಕ್ಷ್ಮಿಗೆ ಏನೋ ಹೇಳಿದ.

"ಇವ್ರ ಅಜ್ಜ ಗಣಿಯೊಳಗ ದುಡದಾವ ಅಂತ. ಇದ ಕೆಮ್ಮಿನಾಗ ಸತ್ತನಂತ," ಅವಳು ಚನ್ನವ್ವನಿಗೆ ತಿಳಿಸಿದಳು. "ನಿಮ್ಮ ಫೋಟೋ ಎಲ್ಲಿ ಅಂತ ಕೇಳ್ತಾರ."

"ತಗದ ಇಲ್ಲ ಅಂತ ಹೇಳ್ರಿ. ಇವ್ರಿಗಿ ಗೊತ್ತೈತಲ್ಲ ಇದು, ಈಗ ಇವ್ರು ಏನ್ ಮಾಡ್ತಾರಂತ ಕೇಳ್ರಿ."

ಕೇಳಿದಳು. ಪಾವ್ಣ್ಯಾ ಖಂಡೆಪ್ಪನ ಮುಖವನ್ನು ನೋಡಿದ. ಕೆಳಗೆ ಸಾಲಾಗಿ ನಿಂತ ಅಧಿಕಾರಿಗಳನ್ನು ನೋಡಿದ. ಆಮೇಲೆ ಯಾರೋ ಕಲಿಸಿಕೊಟ್ಟಿದ್ದಂತೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ಮೆಟ್ಟಿಲಿಳಿದು ಕಾರಿನ ಕಡೆ ನಡೆದ. ಅಧಿಕಾರಿಗಳೆಲ್ಲ ಅವನ ಹಿಂದೆ ಓಡಿದರು.

"ಏನಂದ್ರು?" ಎಂದ ಖಂಡೆಪ್ಪ.

"ಕೈ ಮುಗದ್ರು."

"ಅಷ್ಟ?"

"ಅಷ್ಟ."

ಚನ್ನವ್ವ ವೇದಿಕೆಯ ನಡುವೆ ಕೂತಳು. "ನಮ್ಮ ನಮ್ಮ ಎದಿ ಫೋಟೋ ಬರೂತನಕ ಇಲ್ಲಿಂದ ಏಳಂಗಿಲ್ಲ," ಎಂದಳು. ಹತ್ತು ಮಂದಿ ಅವಳ ಸುತ್ತ ಕೂತರು.

ಮಧ್ಯಾಹ್ನ ಒಂದಕ್ಕೆ ಪಿಎಸ್ಐ ಬಂದ. ಶ್ರೀಶೈಲ ಕುಣಿಯುತ್ತಿದ್ದ: "ಎಳೀರಿ ಸರ, ಎಳದ ಹಾಕ್ರಿ ಬೋಳಿಮಕ್ಕಳನ್ನ! ಸ್ಟ್ರೈಕ್ ಮಾಡಾಕತ್ತಾರ!"

"ಇವ್ರು ನಿಮ್ಮ ಲೇಬರ್ ಏನ್ರಿ?"

ಶ್ರೀಶೈಲ ಬಾಯಿ ತೆರೆದವನು ಹಾಗೇ ಮುಚ್ಚಿದ. ಅನೀಲಕುಮಾರನ ಕಡೆ ನೋಡಿದ. ಹೌದೆಂದರೆ ಆರು ವರ್ಷದ ಹಾಜರಿ ಎಲ್ಲಿ ಎಂಬ ಮಾತು ಬರುತ್ತಿತ್ತು.

"ಅಲ್ರಿ. ಕಲಾವಿದ್ರು."

"ಕಲಾವಿದ್ರು ಸ್ಟ್ರೈಕ್ ಹೆಂಗ ಮಾಡ್ತಾರ್ರಿ?" ಪಿಎಸ್ಐ ಅನುಮತಿ ಪತ್ರ ತರಿಸಿ ಓದಿದ. ಬೆಳಿಗ್ಗೆ ಹನ್ನೊಂದರಿಂದ ನಾಟಕ ಮುಗಿಯುವವರೆಗೆ ಎಂದು ಅದರಲ್ಲಿ ಬರೆದಿತ್ತು, ಅವನದೇ ಸಹಿ ಇತ್ತು. "ಮುಗದೈತೇನ್ರಿ ನಾಟಕ?"

"ಇಲ್ರಿ," ಎಂದಳು ವಿಜಯಲಕ್ಷ್ಮಿ.

"ಇನ್ನೂ ಎಷ್ಟೈತಿ?"

"ಈಗ ಇಪ್ಪತ್ತೊಂದನೇ ಇಸವಿ ಮುಗಸೇವ್ರಿ. ಅರವತ್ತೊಂಬತ್ತರ ತನಕ ಐತಿ. ಇನ್ನ ನಲವತ್ತೆಂಟ ವರ್ಷ."

ಪಿಎಸ್ಐ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಪಾವ್ಣ್ಯಾನ ಸೋಫಾ ಖಾಲಿಯಿತ್ತು. ಮೇಲಿನವರಿಗೆ ಫೋನು ಹಚ್ಚಿ ಆ ಸೋಫಾದಲ್ಲಿ ಕೂತ.

ಅಷ್ಟರಲ್ಲಿ ಕಾರು ಒರೆಸುತ್ತಿದ್ದ ಡ್ರೈವರ್ ಭೀಮಶ್ಯಾ ವೇದಿಕೆಯ ಹತ್ತಿರ ಬಂದ. ಎಡಗಡೆ ಪಕ್ಕೆಯ ಮೇಲೆ ಕೈ ಇಟ್ಟುಕೊಂಡು ಸುಮಾರು ಹೊತ್ತು ಫೋಟೋಗಳನ್ನೇ ನೋಡಿದ.

"ಅಕ್ಕಾ, ಅದು ನಂದೇನು?"

"ನಿಂದ ಅಂತಪಾ."

"ನನಗ ಕಳದೈತಿ ಅಂತ ಹೇಳಿದ್ರಲ್ಲ! ಎಲುವು ಸೊಟ್ಟ ಕೂಡೈತಿ, ರಾತ್ರಿ ಮಗ್ಗಲಾಗಾಕ ಆಗವಲ್ದು. ಫೋಟೋ ತಾ ಅಂತಾನ ಡಾಕ್ಟ್ರು. ಒಂದರ ಕೊಡ್ರಿ ನನಗ."

ಚನ್ನವ್ವ ಒಂದು ಎತ್ತಿ ಕೊಟ್ಟಳು. ಭೀಮಶ್ಯಾ ಅದನ್ನು ಬೆಳಕಿಗೆ ಹಿಡಿದು ತನ್ನ ಎಲುಬನ್ನು ನೋಡಿಕೊಂಡ. ಕಾರಿನ ಕೀಲಿಯನ್ನು ಪಿಎಸ್ಐ ಮುಂದಿನ ಟೇಬಲ್ಲಿನ ಮೇಲಿಟ್ಟ. ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ಗೈಬುಸಾಬನ ಮಗ್ಗುಲಿಗೆ ಕಾಲು ಮಡಚಿ ಕೂತ.

ಮೂರು ಗಂಟೆಗೆ ಐವತ್ತೆಂಟು ಡಬ್ಬಿಯ ಗೂಡ್ಸ್ ಗಾಡಿ ಯಾರ್ಡಿಗೆ ಬಂದು ನಿಂತಿತು. ಇಳಿಸಿಕೊಳ್ಳಲು ಮಂದಿ ಎಲ್ಲಿ ಎಂದು ರೈಲಿನವರು ಕೇಳಿದರು. ಅನೀಲಕುಮಾರ ವೇದಿಕೆಯ ಕಡೆ ನೋಡಿದ. ಶ್ರೀಶೈಲ ನೆಲ ನೋಡಿದ. ಬೇರೆ ದಾರಿ ಕಾಣದೆ, ನಾಟಕ ಮುಗಿದಂತಾಗಲೆಂದು ಮುಂದಿನ ಪರದೆ ಇಳಿಸಿದರು. ಹಗ್ಗ ಅರ್ಧಕ್ಕೆ ಸಿಕ್ಕಿಕೊಂಡಿತು. ಗುಡ್ಡದ ಮಂದಿಯ ತಲೆಗಳಷ್ಟೇ ಮುಚ್ಚಿದವು, ಮಡಚಿದ ಕಾಲುಗಳು ಕಾಣುತ್ತಲೇ ಇದ್ದವು.

ಪರದೆಯ ಹಿಂದೆ ಸೆಕೆ ಏರಿತು. ಖಂಡೆಪ್ಪನ ಮುಖದ ಬಣ್ಣ ಬೆವರಿಗೆ ಕರಗಿ ಕೊರಳಿಗೆ ಇಳಿಯುತ್ತಿತ್ತು. ಅವನು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಬಾಯಿ ತೆರೆದು ಉಸಿರು ಎಳೆಯುತ್ತಿದ್ದ. ಹೊರಗೆ ಗೂಡ್ಸ್ ಗಾಡಿ ಸಿಳ್ಳು ಹಾಕಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿತು. ಖಂಡೆಪ್ಪನ ಹೆಸರಲ್ಲಿ ಬಂದಿದ್ದ ಭೀಮಶ್ಯಾನ ಎದೆಯನ್ನು ಚನ್ನವ್ವ ಎರಡು ಬೆರಳಲ್ಲಿ ಹಿಡಿದು, ತಮ್ಮನ ಮುಖಕ್ಕೆ ಗಾಳಿ ಹಾಕುತ್ತ ಕೂತಳು.